ಜೊಫೊಸ್: ಯೂದ ಮತ್ತು ಪೇತ್ರರ ಪತ್ರಗಳಲ್ಲಿರುವ ಕತ್ತಲು ಎಂಥದು?

ಪ್ರಶ್ನೆ: ಯೂದನ ಪತ್ರದ 13ನೇ ವಚನದಲ್ಲೂ 2 ಪೇತ್ರ 2:17ರಲ್ಲೂ ಬರುವ ‘ಜೊಫೊಸ್’ ಎಂಬ ಗ್ರೀಕ್ ಪದಕ್ಕೆ ‘ಮಾಮೂಲಿ ಕತ್ತಲೆಗಿಂತ ದಟ್ಟವಾದ ನರಕದ ಕತ್ತಲೆ’ ಎಂದು ಅರ್ಥ ಅಂತ ನಮ್ಮ ಸತ್ಯವೇದ ತರಗತಿಯಲ್ಲಿ ಹೇಳಿಕೊಟ್ಟರು. ಆದರೆ ಜಾಲದಲ್ಲಿ ಸಿಕ್ಕಿದ ನಿಘಂಟು ಅದನ್ನು ‘ಮೋಡ’ ಎಂಬ ಪದದ ನೆಂಟ ಎನ್ನುತ್ತದೆ. ಇದರ ಜೊತೆಗೆ 2 ಪೇತ್ರ 2:4ರಲ್ಲಿ ಒಂದು ಅನುವಾದ ‘ಕತ್ತಲೆಯ ಸಂಕೋಲೆ’ ಎಂದರೆ ಇನ್ನೊಂದು ‘ಕತ್ತಲೆಯ ಗುಂಡಿ’ ಎನ್ನುತ್ತದೆ. ಯಾವುದು ಸರಿ? ಕನ್ನಡದ ಪಾಠಟಿಪ್ಪಣಿಯಲ್ಲಿ ಏನೆಂದು ಬರೆಯಲಿ?

ಉತ್ತರ: ಜೊಫೊಸ್ ಎಂದರೆ ಮಬ್ಬು ಕವಿದ, ಬೆಳಕು ಒಳಹೊಗದ ಕತ್ತಲು. ಪ್ರಾಚೀನ ಗ್ರೀಕ್ ಕವಿ ಹೋಮರನ ಕಾಲದಿಂದಲೂ ಅದಕ್ಕೆ ಪಾತಾಳದ ನಂಟಿದೆ ಎಂಬುದು ನಿಜ. ಹಾಗೆಂದು ‘ನರಕದ ಕತ್ತಲೆ’ ಎಂಬುದೇ ಅದರ ಅರ್ಥವಾಗಿದ್ದರೆ, ಇಬ್ರಿಯರಿಗೆ ಬರೆದ ಪತ್ರದ 12:18ರಲ್ಲಿ, ದೇವರು ಸೀನಾಯಿ ಬೆಟ್ಟದ ಮೇಲೆ ಇಳಿದಾಗ ಕವಿದ ಕತ್ತಲಿಗೆ ಅದೇ ಪದ ಬರುತ್ತಿರಲಿಲ್ಲ. ಸಾಮಾನ್ಯ ಪದವಾದ ಸ್ಕೊತೊಸ್‌ಗಿಂತ ಜೊಫೊಸ್ ಒಂದು ಮೆಟ್ಟಿಲು ಹೆಚ್ಚು ಕಪ್ಪು ಎಂಬ ಲೆಕ್ಕಕ್ಕೂ ಆಧಾರವಿಲ್ಲ. ಸ್ಕೊತೊಸ್ ಎಲ್ಲರ ಬಾಯಿಮಾತಿನ ಪದ, ಜೊಫೊಸ್ ಕವಿಗಳ ಪದ. ಎರಡರ ನಡುವಿನ ಅಂತರ ಅಲ್ಲಿದೆ.

ಮೊದಲು ಉಚ್ಚಾರಣೆ, ಏಕೆಂದರೆ ಹುಡುಕಾಟದಲ್ಲಿ ಅರ್ಧ ತೊಂದರೆ ಇಲ್ಲಿಂದಲೇ ಶುರು. ಇಂಗ್ಲಿಷ್ ಪುಟಗಳನ್ನು ನೋಡಿ ಬರೆದವರು ‘ಸ್ಕೋಟೋಸ್’, ‘ಜೋಫೋಸ್’ ಎನ್ನುತ್ತಾರೆ. ಗ್ರೀಕಿನಲ್ಲಿ ಈ ಎರಡು ಪದಗಳ ಒಕಾರಗಳೆಲ್ಲ ಹ್ರಸ್ವ, ‘ತ’ ದಂತ್ಯ. ಹಾಗಾಗಿ ಸ್ಕೊತೊಸ್, ಜೊಫೊಸ್ ಎಂಬ ಬರಹ ಮೂಲಕ್ಕೆ ಹತ್ತಿರ. ಹಳೆಯ ಗ್ರೀಕಿನ ‘ಫ’ ನಮ್ಮ ಮಹಾಪ್ರಾಣದ ‘ಫ’ವೇ ಆಗಿತ್ತು. ಹಲ್ಲು ತುಟಿಗೆ ತಾಗಿಸಿ ಹೇಳುವ ಈಗಿನ ಉಚ್ಚಾರ ಆಮೇಲೆ ಬಂದದ್ದು. ಈ ಒಂದು ವಿಷಯದಲ್ಲಿ ಇಂಗ್ಲಿಷ್ ಓದುಗರಿಗಿಂತ ಕನ್ನಡಿಗರಿಗೆ ಅನುಕೂಲ ಹೆಚ್ಚು.

ಹೊಸ ಒಡಂಬಡಿಕೆಯಲ್ಲಿ ಜೊಫೊಸ್ ಐದೇ ಸಲ ಬರುತ್ತದೆ: ಇಬ್ರಿಯ 12:18, 2 ಪೇತ್ರ 2:4 ಮತ್ತು 2:17, ಯೂದ 6 ಮತ್ತು 13. ಸ್ಟ್ರಾಂಗ್‌ನ ಪದಸೂಚಿಯಲ್ಲಿ (ಅದು ಸತ್ಯವೇದದ ಪ್ರತಿಯೊಂದು ಮೂಲಪದಕ್ಕೂ ಒಂದು ಸಂಖ್ಯೆ ಕೊಡುತ್ತದೆ, ಜೊಫೊಸ್‌ನದು 2217) ಎಣಿಸಿದರೆ ನಾಲ್ಕೇ ಸಿಗುತ್ತವೆ. ಇದು ಎಣಿಕೆಯ ತಪ್ಪಲ್ಲ. 1890ರಲ್ಲಿ ಬಂದ ಆ ಪದಸೂಚಿ ಇಂಗ್ಲಿಷಿನ ಕಿಂಗ್ ಜೇಮ್ಸ್ ಅನುವಾದವನ್ನೂ ಅದರ ಹಿಂದಿರುವ ಗ್ರೀಕ್ ಪಾಠವನ್ನೂ (ಪಠ್ಯವನ್ನೂ) ಅನುಸರಿಸುತ್ತದೆ. ಆ ಪಾಠದಲ್ಲಿ ಇಬ್ರಿಯ 12:18ರಲ್ಲಿ ಜೊಫೊಸ್ ಇರುವ ಜಾಗದಲ್ಲಿ ಸ್ಕೊತೊಸ್ ಇದೆ. ಹಳೆಯ ಹಸ್ತಪ್ರತಿಗಳನ್ನು ಆಧರಿಸಿದ ನೆಸ್ಲೆ-ಆಲಂಡ್ ಆವೃತ್ತಿಯಲ್ಲಿ ಜೊಫೊಸ್ ಇದೆ. ನಿಮ್ಮ ಕೈಯಲ್ಲಿರುವ ಪಟ್ಟಿ ಯಾವ ಪಾಠದ್ದು ಎಂದು ತಿಳಿಯದೆ ‘ಇಷ್ಟು ಸಲ ಬರುತ್ತದೆ’ ಎಂದು ಬರೆಯಬೇಡಿ.

ಈಗ ಹೋಮರನ ಕಡೆಗೆ ಬರೋಣ. ನಿಮ್ಮ ಪ್ರಶ್ನೆಯ ಮೂಲ ಅಲ್ಲೇ ಇದೆ.

ಇಲಿಯಡ್‌ನಲ್ಲಿ ಯೋಧನೊಬ್ಬ ಬಿದ್ದು ಸತ್ತಾಗ ಕವಿ ಮತ್ತೆ ಮತ್ತೆ ಹೇಳುವ ಸಾಲು ‘ಅವನ ಕಣ್ಣುಗಳನ್ನು ಕತ್ತಲು ಮುಚ್ಚಿತು’ ಎಂದು. ಆ ಕತ್ತಲಿಗೆ ಅವನು ಬಳಸುವ ಪದ ಸ್ಕೊತೊಸ್. ‘ಬರಿಯ ಕತ್ತಲೆ’ ಎಂದು ನಿಮಗೆ ಹೇಳಿಕೊಟ್ಟ ಪದವೇ ಅಲ್ಲಿ ಸಾವಿನ ಕತ್ತಲು. ಸತ್ತವನು ಹೋಗಿ ಸೇರುವ ಜಾಗ ಜೊಫೊಸ್. 15ನೇ ಸರ್ಗದಲ್ಲಿ ಪೊಸೈಡಾನ್ ಮೂವರು ಅಣ್ಣತಮ್ಮಂದಿರ ಪಾಲಿನ ಲೆಕ್ಕ ಹೇಳುತ್ತಾನೆ: ತನಗೆ ಕಡಲು, ಜೀಯಸ್‌ಗೆ ವಿಶಾಲವಾದ ಆಕಾಶ, ಸತ್ತವರ ಲೋಕದ ಒಡೆಯ ಹೇಡೀಸ್‌ಗೆ ‘ಮಂಜು ಕವಿದ ಜೊಫೊಸ್’. 21ನೇ ಸರ್ಗದಲ್ಲಿ ಅಖಿಲೀಸ್, ತಾನು ಕೊಂದ ಟ್ರಾಯ್‌ನವರು ಆ ‘ಮಂಜು ಕವಿದ ಜೊಫೊಸ್’‌ನ ಅಡಿಯಿಂದ ಎದ್ದು ಬಂದರೂ ಬಂದಾರು ಎಂದು ಅಣಕಿಸುತ್ತಾನೆ. ಅಂದರೆ ಹೋಮರನಲ್ಲಿ ಒಂದು ಕಣ್ಣಿಗೆ ಕವಿಯುವ ಕತ್ತಲು, ಇನ್ನೊಂದು ಆಮೇಲೆ ಇರುವ ಊರು. ಎಷ್ಟು ಕಪ್ಪು ಎಂಬ ಪ್ರಶ್ನೆ ಎಲ್ಲಿಯೂ ಏಳುವುದಿಲ್ಲ.

ಹೋಮರನಲ್ಲೇ ಜೊಫೊಸ್‌ಗೆ ಇನ್ನೊಂದು ಅರ್ಥವಿದೆ, ಅದನ್ನು ತರಗತಿಗಳಲ್ಲಿ ಯಾರೂ ಹೇಳುವುದಿಲ್ಲ: ಪಡುವಣ ದಿಕ್ಕು. ಒಡಿಸ್ಸಿಯ 9ನೇ ಸರ್ಗದಲ್ಲಿ ಒಡಿಸ್ಯೂಸ್ ತನ್ನ ದ್ವೀಪವಾದ ಇಥಾಕಾ ‘ಜೊಫೊಸ್ ಕಡೆಗೆ’ ಇದೆ, ಉಳಿದ ದ್ವೀಪಗಳು ‘ಉಷೆಯ ಕಡೆಗೆ, ಸೂರ್ಯನ ಕಡೆಗೆ’ ಇವೆ ಎನ್ನುತ್ತಾನೆ. ಹೊತ್ತು ಮುಳುಗುವ ಕಡೆಯೇ ಕತ್ತಲಿನ ಕಡೆ. ಪಶ್ಚಿಮದ ಗಾಳಿಗೆ ಗ್ರೀಕರು ಇಟ್ಟ ಹೆಸರು ಜೆಫುರೊಸ್. ಈ ಎರಡೂ ಪದಗಳು ಒಂದೇ ಬೇರಿನವು ಎಂಬುದು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವ ವಿವರಣೆ.

ಹೋಮರನ ನಂತರ ಬಂದ ಹೆಸಿಯಡ್‌ನ ‘ಥಿಯೊಗೊನಿ’ಯಲ್ಲಿ ನಮಗೆ ಬೇಕಾದ ಸಾಲು ಸಿಗುತ್ತದೆ. ದೇವತೆಗಳ ಮೇಲೆ ಯುದ್ಧಕ್ಕೆ ನಿಂತು ಸೋತ ಟೈಟನ್ನರನ್ನು ಸಂಕೋಲೆ ಹಾಕಿ ಪಾತಾಳದ ಆಳದ ಸೆರೆಯಾದ ತಾರ್ತರಸ್‌ಗೆ ಇಳಿಸಲಾಗುತ್ತದೆ. ಅಲ್ಲಿ ಅವರು ‘ಮಂಜು ಕವಿದ ಜೊಫೊಸ್‌ನ ಅಡಿಯಲ್ಲಿ’ ಅಡಗಿದ್ದಾರೆ. ಕ್ರಿ.ಪೂ. 472ರಲ್ಲಿ ರಂಗಕ್ಕೆ ಬಂದ ಈಸ್ಕಿಲಸ್‌ನ ‘ಪರ್ಷಿಯನ್ನರು’ ನಾಟಕದಲ್ಲಿ ಡೇರಿಯಸ್‌ನ ಪ್ರೇತ ‘ನಾನಿನ್ನು ಭೂಮಿಯ ಕೆಳಗೆ, ಜೊಫೊಸ್‌ನ ಅಡಿಗೆ ಹೋಗುತ್ತೇನೆ’ ಎಂದು ಹೇಳಿ ಮರೆಯಾಗುತ್ತದೆ. ‘ಜೊಫೊಸ್‌ನ ಅಡಿ’ ಎಂಬ ಈ ಜೋಡಣೆಯನ್ನು ನೆನಪಿಟ್ಟುಕೊಂಡು ಯೂದನ 6ನೇ ವಚನ ಓದಿ. ತಮ್ಮ ಅಧಿಕಾರಸ್ಥಾನವನ್ನು ಉಳಿಸಿಕೊಳ್ಳದ ದೇವದೂತರನ್ನು ದೇವರು ಮಹಾದಿನದ ತೀರ್ಪಿಗಾಗಿ, ಎಂದೂ ಕಳಚದ ಬೇಡಿಗಳಲ್ಲಿ, ‘ಹುಪೊ ಜೊಫೊನ್’, ಅಂದರೆ ಜೊಫೊಸ್‌ನ ಅಡಿಯಲ್ಲಿ ಇಟ್ಟಿದ್ದಾನೆ.

ಯೂದ ಇದನ್ನು ಹೀಬ್ರೂ ಧರ್ಮಗ್ರಂಥದ ಗ್ರೀಕ್ ಅನುವಾದದಿಂದ ಎತ್ತಿಕೊಂಡಿರಲು ಸಾಧ್ಯವಿಲ್ಲ. ಸೆಪ್ಟುಅಜಿಂಟ್ ಎಂಬ ಆ ಅನುವಾದದಲ್ಲಿ ಜೊಫೊಸ್ ಎಂಬ ಪದವೇ ಇಲ್ಲ. ಕಥೆ ಅವನಿಗೆ ಸಿಕ್ಕಿದ್ದು ಹನೋಕನ ಹೆಸರಿನ ಗ್ರಂಥದಿಂದ. 14 ಮತ್ತು 15ನೇ ವಚನಗಳಲ್ಲಿ ಅದನ್ನು ನೇರವಾಗಿ ಉದ್ಧರಿಸುತ್ತಾನೆ. ಆ ಗ್ರಂಥದ 10ನೇ ಅಧ್ಯಾಯದಲ್ಲಿ ದ್ರೋಹಿ ದೂತನ ಕೈಕಾಲು ಕಟ್ಟಿ ಕತ್ತಲೆಗೆ ಎಸೆಯಬೇಕೆಂಬ ಅಪ್ಪಣೆ ಇದೆ. ಉಳಿದವರನ್ನು 70 ತಲೆಮಾರುಗಳ ಕಾಲ ಬೆಟ್ಟಗಳ ಕೆಳಗೆ ಬಂಧಿಸಿಡಬೇಕು. ಈಜಿಪ್ಟಿನ ಅಖ್ಮೀಮ್‌ನಲ್ಲಿ ಸಿಕ್ಕ ಗ್ರೀಕ್ ಪ್ರತಿಯಲ್ಲಿ ಆ ಕತ್ತಲೆಗೆ ಇರುವ ಪದ ಸ್ಕೊತೊಸ್. ಯೂದ ಕಥೆಯನ್ನು ಯೆಹೂದ್ಯ ಪರಂಪರೆಯಿಂದ ತೆಗೆದುಕೊಂಡು, ಕತ್ತಲಿಗೆ ಮಾತ್ರ ಗ್ರೀಕ್ ಕವಿಗಳ ಪದ ಇಟ್ಟ. ಟೈಟನ್ನರ ಕಥೆ ಕೇಳಿ ಬೆಳೆದವರಿಗೆ ‘ಹುಪೊ ಜೊಫೊನ್’ ಎಂಬ ಆ ಎರಡು ಪದ ಸಾಕಿತ್ತು. 2 ಪೇತ್ರ ಇನ್ನೂ ಮುಂದೆ ಹೋಗಿ 2:4ರಲ್ಲಿ ‘ತಾರ್ತರೊಸಾಸ್’, ಅಂದರೆ ‘ತಾರ್ತರಸ್‌ಗೆ ತಳ್ಳಿ’ ಎಂಬ ಕ್ರಿಯಾಪದವನ್ನೇ ಬಳಸುತ್ತದೆ. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಇದೊಂದೇ ಕಡೆ. ಅನುವಾದದಲ್ಲಿ ‘ನರಕ’ ಎಂದು ಬಿದ್ದಾಗ ಈ ಹೆಸರು ಕಾಣದೇ ಹೋಗುತ್ತದೆ.

ಇನ್ನು ಸಂಕೋಲೆಯೋ ಗುಂಡಿಯೋ ಎಂಬ ಪ್ರಶ್ನೆ. ಇದು ಅನುವಾದಕರ ಜಗಳವಲ್ಲ, ಹಸ್ತಪ್ರತಿಗಳ ಭೇದ. ‘ಸೆಯ್ರಾಯ್ಸ್’ ಎಂದರೆ ಹಗ್ಗ ಅಥವಾ ಸರಪಳಿಗಳಿಂದ; ‘ಸಿರೊಯ್ಸ್’ ಎಂದರೆ ಗುಂಡಿಗಳಲ್ಲಿ. ಆ ಕಾಲಕ್ಕೆ ಗ್ರೀಕಿನ ‘ಎಯ್’ ಮತ್ತು ‘ಇ’ ಒಂದೇ ಥರ ಕೇಳುತ್ತಿದ್ದವು, ಹಾಗಾಗಿ ಎರಡನೆಯದನ್ನು ‘ಸೆಯ್ರೊಯ್ಸ್’ ಎಂದೂ ಬರೆಯುತ್ತಿದ್ದರು. ಹಾಗೆ ಬರೆದಾಗ ಎರಡರ ನಡುವೆ ಉಳಿಯುವುದು ಒಂದು ಅಕ್ಷರದ ವ್ಯತ್ಯಾಸ. ಬೊಡ್ಮರ್ ಸಂಗ್ರಹದ ಪಪೈರಸ್ 72 ಮತ್ತು ನಂತರದ ಬಹುಪಾಲು ಪ್ರತಿಗಳಲ್ಲಿ ಸರಪಳಿ ಇದೆ. ಸಿನೈಟಿಕಸ್, ವ್ಯಾಟಿಕಾನಸ್, ಅಲೆಕ್ಸಾಂಡ್ರಿನಸ್ ಎಂಬ ಮೂರು ದೊಡ್ಡ ಪ್ರತಿಗಳಲ್ಲಿ ಗುಂಡಿ. ಕಿಂಗ್ ಜೇಮ್ಸ್ 1611ರಲ್ಲಿ ಸರಪಳಿಯನ್ನು ಆರಿಸಿತು. 1881ರ ಇಂಗ್ಲಿಷ್ ಪರಿಷ್ಕೃತ ಹೊಸ ಒಡಂಬಡಿಕೆ ಗುಂಡಿಯನ್ನು ಆರಿಸಿತು. ಎರಡು ಕನ್ನಡ ಅನುವಾದಗಳನ್ನು ಪಕ್ಕಪಕ್ಕ ಇಟ್ಟಾಗ ನಿಮಗೆ ಕಂಡದ್ದು ಇದೇ ಒಡಕು.

ಸಿರೊಸ್ ಎಂಬ ಗುಂಡಿ ಸಾಮಾನ್ಯ ಗುಂಡಿಯಲ್ಲ ಎಂಬುದನ್ನೂ ಹೇಳಬೇಕು. ಅದು ದವಸ ತುಂಬಿಡುವ ನೆಲದೊಳಗಿನ ಕಣಜ, ನಮ್ಮ ಬಯಲುಸೀಮೆಯ ಹಗೇವು. ಕ್ರಿ.ಪೂ. 341ರ ಭಾಷಣವೊಂದರಲ್ಲಿ ಡೆಮಾಸ್ತನೀಸ್ ಥ್ರೇಸಿನ ಸಿರೊಸ್‌ಗಳಲ್ಲಿ ತುಂಬಿಟ್ಟ ಕಿರುಧಾನ್ಯದ ಮಾತನ್ನು ಆಡುತ್ತಾನೆ. ಮುಂದಿನ ದಿನಕ್ಕೆಂದು ಕೂಡಿಟ್ಟ, ಬಾಯಿ ಮುಚ್ಚಿದ, ಒಳಗೆ ಬೆಳಕಿಲ್ಲದ ಗುಂಡಿ. ತೀರ್ಪಿನ ದಿನಕ್ಕೆ ಕಾದಿರಿಸಿದ ದೂತರಿಗೆ ಈ ಚಿತ್ರ ಎಷ್ಟು ಹೊಂದುತ್ತದೆ ಎಂದರೆ ಇದೇ ಮೂಲ ಪಾಠ ಎಂದು ಹೇಳಿಬಿಡುವ ಆಸೆ ಹುಟ್ಟುತ್ತದೆ. ಆದರೂ ನೆಸ್ಲೆ-ಆಲಂಡ್ ಸರಪಳಿಯನ್ನೇ ಇಟ್ಟುಕೊಂಡಿದೆ. 2 ಪೇತ್ರ ಬರೆದವನ ಮುಂದೆ ಯೂದನ ಪತ್ರ ಇತ್ತೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಯೂದನಲ್ಲಿ ‘ದೆಸ್ಮೊಯ್ಸ್’ (ಬೇಡಿಗಳಲ್ಲಿ) ಎಂಬ ಸಾದಾ ಪದವಿದ್ದ ಜಾಗಕ್ಕೆ ಅವನು ಸ್ವಲ್ಪ ಅಪರೂಪದ ‘ಸೆಯ್ರಾಯ್ಸ್’ ತಂದಿರಬಹುದು. ಗುಂಡಿಯೇ ಮೊದಲಿತ್ತು, ಯೂದನನ್ನು ನೆನೆದ ಲಿಪಿಕಾರರು ಅದನ್ನು ಸರಪಳಿ ಮಾಡಿದರು ಎಂದು ವಾದಿಸುವವರೂ ಇದ್ದಾರೆ. ಟಿಪ್ಪಣಿಯಲ್ಲಿ ಎರಡನ್ನೂ ಕೊಡಿ. ಜೊಫೊಸ್‌ನ ಅರ್ಥ ಎರಡರಲ್ಲೂ ಒಂದೇ.

ಯೂದ 13 ಮತ್ತು 2 ಪೇತ್ರ 2:17ರಲ್ಲಿ ಇರುವುದು ಒಂಟಿ ಪದವಲ್ಲ, ‘ಹೊ ಜೊಫೊಸ್ ತೂ ಸ್ಕೊತೂಸ್’ ಎಂಬ ಜೋಡಿ. ಪದಕ್ಕೆ ಪದ ಇಟ್ಟರೆ ‘ಕತ್ತಲೆಯ ಜೊಫೊಸ್’. ನಿಮ್ಮ ತರಗತಿಯ ವಿವರಣೆ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಕತ್ತಲೆಯೊಳಗೆ ಇನ್ನೊಂದು ಕತ್ತಲೆ ಇದ್ದರೆ ಅದು ಹೆಚ್ಚು ದಟ್ಟವಾಗಿರಲೇಬೇಕಲ್ಲವೇ? ದಟ್ಟಣೆ ಇಲ್ಲಿ ಇದೆ, ಒಪ್ಪೋಣ. ಅದು ಹುಟ್ಟಿದ್ದು ಒಂದೇ ಅರ್ಥದ ಎರಡು ಪದಗಳನ್ನು ಷಷ್ಠಿಯಲ್ಲಿ ಕಟ್ಟಿದ್ದರಿಂದ. ಇಡೀ ಜೋಡಿಯ ತೂಕವನ್ನು ಒಂದು ಪದದ ಮೇಲೆ ಹೊರಿಸಿ, ಆ ತೂಕವನ್ನು 6ನೇ ವಚನಕ್ಕೂ ಇಬ್ರಿಯ 12ಕ್ಕೂ ಸಾಗಿಸಿದಾಗ ತಪ್ಪಾಗುತ್ತದೆ.

13ನೇ ವಚನದ ಸಂದರ್ಭ ಇನ್ನೂ ಸೊಗಸು. ಸುಳ್ಳುಬೋಧಕರನ್ನು ಯೂದ ನೀರಿಲ್ಲದ ಮೋಡ, ಹಣ್ಣಿಲ್ಲದ ಮರ, ನೊರೆಗಾರುವ ಅಲೆ ಎಂದು ಕರೆದು ಕೊನೆಗೆ ‘ಅಲೆಯುವ ನಕ್ಷತ್ರಗಳು’ ಎನ್ನುತ್ತಾನೆ. ಅವರಿಗಾಗಿಯೇ ಕತ್ತಲೆಯ ಜೊಫೊಸ್ ಎಂದೆಂದಿಗೂ ಕಾದಿರಿಸಿದೆ. ಹನೋಕನ ಗ್ರಂಥದ 18 ಮತ್ತು 21ನೇ ಅಧ್ಯಾಯಗಳಲ್ಲಿ ಹೊತ್ತಿಗೆ ಸರಿಯಾಗಿ ಮೂಡದೆ ಅಪ್ಪಣೆ ಮೀರಿದ ಏಳು ನಕ್ಷತ್ರಗಳನ್ನು ಕಟ್ಟಿಹಾಕಿದ ದೃಶ್ಯವಿದೆ. ದಾರಿ ತಪ್ಪಿದ ನಕ್ಷತ್ರಕ್ಕೆ ಮುಳುಗುವ ದಿಕ್ಕಿನ ಹೆಸರಿರುವ ಕತ್ತಲೆಯೇ ಶಿಕ್ಷೆ! ಯೂದ ‘ಪಡುವಣ’ ಎಂಬ ಹಳೆಯ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ ಎಂದು ಸಾಧಿಸಲಾಗದು. ನಕ್ಷತ್ರಕ್ಕೆ ಆ ಪದ ಹೊಂದುತ್ತದೆ ಎಂಬುದನ್ನಂತೂ ಅಲ್ಲಗಳೆಯಲಾಗದು. ಇನ್ನೊಂದು ಕುಶಲವೂ ಇದೆ: 6ನೇ ವಚನದಲ್ಲಿ ದೂತರು ತಮ್ಮ ಸ್ಥಾನವನ್ನು ‘ಕಾಯಲಿಲ್ಲ’, ಆದ್ದರಿಂದ ದೇವರು ಅವರನ್ನು ‘ಕಾದಿರಿಸಿದ’, 13ರಲ್ಲಿ ಜೊಫೊಸ್ ‘ಕಾದಿರಿಸಲ್ಪಟ್ಟಿದೆ’. ಮೂರೂ ಕಡೆ ‘ತೇರೆಯೊ’ ಎಂಬ ಒಂದೇ ಧಾತು. ಕನ್ನಡದ ‘ಕಾಯ್’ ಇದನ್ನು ಬಹಳ ಸಲೀಸಾಗಿ ಹಿಡಿಯುತ್ತದೆ, ಇಂಗ್ಲಿಷಿಗೆ ಅಷ್ಟು ಸುಲಭವಲ್ಲ.

2 ಪೇತ್ರದಲ್ಲಿ ನಕ್ಷತ್ರಗಳು ಬಿಟ್ಟುಹೋಗಿವೆ. ಅಲ್ಲಿ ಬತ್ತಿದ ಒರತೆ ಮತ್ತು ಬಿರುಗಾಳಿಗೆ ಸಿಕ್ಕ ಮಂಜು ಇವೆ. ಅವುಗಳ ಬೆನ್ನಿಗೇ ಅದೇ ಕತ್ತಲೆಯ ಜೋಡಿ. ಮಂಜಿಗೆ ಕತ್ತಲನ್ನು ಕಾದಿರಿಸುವುದು ಸ್ವಲ್ಪ ಬಲವಂತದ ಹೊಂದಾಣಿಕೆ. ಯೂದನ ಪತ್ರವೇ ಮೊದಲಿನದು ಎನ್ನುವವರಿಗೆ ಇದೂ ಒಂದು ಆಧಾರ. ‘ಎಂದೆಂದಿಗೂ’ ಎಂಬ ಪದ 2 ಪೇತ್ರ 2:17ರ ಹಳೆಯ ಪ್ರತಿಗಳಲ್ಲಿ ಇಲ್ಲ, ಯೂದನಿಂದ ಆಮೇಲೆ ಸೇರಿದ್ದು. ಅದನ್ನು ಪೇತ್ರನ ಮಾತೆಂದು ಒತ್ತಿ ಬೋಧಿಸಬೇಡಿ.

ಈಗ ಇಬ್ರಿಯ 12:18. ‘ಗ್ನೊಫೊ ಕಾಯ್ ಜೊಫೊ ಕಾಯ್ ಥುಎಲ್ಲೆ’: ಕಾರ್ಮೋಡ, ಕತ್ತಲು, ಬಿರುಗಾಳಿ. ಇದು ಧರ್ಮೋಪದೇಶಕಾಂಡ 4:11ರ ಗ್ರೀಕ್ ಪಾಠದ ನೆನಪು, ಆದರೆ ಅಲ್ಲಿ ಇರುವುದು ‘ಸ್ಕೊತೊಸ್, ಗ್ನೊಫೊಸ್, ಥುಎಲ್ಲ’. ಪತ್ರಕಾರ ಕ್ರಮ ಬದಲಿಸಿ, ಸ್ಕೊತೊಸ್ ತೆಗೆದು ಜೊಫೊಸ್ ಇಟ್ಟ. ಏಕೆ? ಗಟ್ಟಿಯಾಗಿ ಓದಿ ನೋಡಿ: ಗ್ನೊಫೊ, ಜೊಫೊ. ಪ್ರಾಸ ಕೂಡುತ್ತದೆ. ಹೊಸ ಒಡಂಬಡಿಕೆಯ ಅತ್ಯಂತ ನಯವಾದ ಗ್ರೀಕ್ ಬರೆದವನಿಗೆ ಕಿವಿಯ ಲೆಕ್ಕವೂ ಇತ್ತು ಎಂದೇ ನನ್ನ ಎಣಿಕೆ. ಮೂಲ ವಚನ ಬಾಯಿಪಾಠವಿದ್ದ ನಂತರದ ಲಿಪಿಕಾರರು ಸ್ಕೊತೊಸ್ ಅನ್ನು ಮತ್ತೆ ತಂದು ಕೂರಿಸಿದರು. ಸ್ಟ್ರಾಂಗ್‌ನ ಪಟ್ಟಿಯಲ್ಲಿ ಒಂದು ಕಡಿಮೆಯಾದದ್ದು ಹೀಗೆ. ಪಾತಾಳಕ್ಕೂ ಈ ವಚನಕ್ಕೂ ಏನೂ ಸಂಬಂಧವಿಲ್ಲ.

ಪಕ್ಕದಲ್ಲಿರುವ ಗ್ನೊಫೊಸ್ (1105) ಬೇರೆಯೇ ದಾರಿ ಹಿಡಿದ ಪದ. ವಿಮೋಚನಕಾಂಡ 20:21ರ ಗ್ರೀಕಿನಲ್ಲಿ ಮೋಶೆ ‘ದೇವರಿದ್ದ ಗ್ನೊಫೊಸ್’ ಒಳಗೆ ಹೋಗುತ್ತಾನೆ. 4ನೇ ಶತಮಾನದ ನಿಸ್ಸದ ಬಿಷಪ್ ಗ್ರೆಗರಿ ಮೋಶೆಯ ಜೀವನವನ್ನು ವಿವರಿಸುತ್ತ, ದೇವರನ್ನು ಅರಿಯುವ ದಾರಿ ಬೆಳಕಿನಿಂದ ಶುರುವಾಗಿ ಮೋಡವನ್ನು ದಾಟಿ ಕತ್ತಲೆಯೊಳಗೆ ಹೋಗುತ್ತದೆ ಎಂದ. ಕತ್ತಲೆ ಎಂದರೆ ಪಾಪ, ಶಿಕ್ಷೆ ಎಂದು ಒಂದೇ ಉಸಿರಿಗೆ ಹೇಳುವವರು ಈ ವಚನದ ಮುಂದೆ ಸ್ವಲ್ಪ ನಿಲ್ಲಬೇಕು.

ಮೋಡದ ನೆಂಟಸ್ತಿಕೆಗೆ ಬಂದರೆ, ನಿಮ್ಮ ನಿಘಂಟು ಹೇಳುವುದು ಸ್ಟ್ರಾಂಗ್‌ನ ಊಹೆ. ಗ್ರೀಕಿನ ಮೋಡ ‘ನೆಫೊಸ್’. ಅದು ಸಂಸ್ಕೃತದ ‘ನಭಸ್’ ಪದದ ಒಡಹುಟ್ಟು. ಜೊಫೊಸ್ ಆ ಬೇರಿನದಲ್ಲ, ಕೊನೆಯ ‘ಫೊಸ್’ ಕೇಳಿ ಮೋಸಹೋಗಬಾರದು. ಮೋಡದ್ದೇ ಬೇರು ಎಂದು ವಾದಕ್ಕಾಗಿ ಒಪ್ಪಿಕೊಂಡರೂ ಯೂದನ ಪತ್ರದಲ್ಲಿ ಮೋಡ ಹುಡುಕುವ ಅಗತ್ಯವಿಲ್ಲ. ಪದದ ಅರ್ಥ ಬರೆದವನ ಕಾಲದ ಬಳಕೆಯಲ್ಲಿರುತ್ತದೆ, ಬೇರಿನಲ್ಲಲ್ಲ.

ಸ್ಕೊತೊಸ್ (4655) ಮತ್ತು ಸ್ಕೊತಿಯ (4653) ನಡುವೆಯೂ ಕೆಲವರು ಗೋಡೆ ಕಟ್ಟುತ್ತಾರೆ. 1 ಯೋಹಾನ 1:5ರಲ್ಲಿ ‘ದೇವರಲ್ಲಿ ಸ್ಕೊತಿಯ ಇಲ್ಲವೇ ಇಲ್ಲ’. ಮುಂದಿನ ವಚನದಲ್ಲೇ ‘ಸ್ಕೊತೊಸ್‌ನಲ್ಲಿ ನಡೆದರೆ’. ಒಂದೇ ವಾದ, ಒಂದೇ ಉಸಿರು, ಎರಡು ಪದ. ಯೋಹಾನನ ಬರಹಗಳಲ್ಲಿ ಸ್ಕೊತಿಯ ಹೆಚ್ಚು, ಅದು ಶೈಲಿ. ಮತ್ತಾಯನ ‘ಹೊರಗಣ ಕತ್ತಲೆ’ (8:12, 22:13, 25:30) ಮೂರೂ ಕಡೆ ಸಾದಾ ಸ್ಕೊತೊಸ್. ಅಳುವಿಕೆ, ಹಲ್ಲು ಕಡಿಯುವಿಕೆ ಇರುವ ಜಾಗಕ್ಕೇ ಜೊಫೊಸ್ ಬಂದಿಲ್ಲ. ‘ನರಕಕ್ಕೆ ಪ್ರತ್ಯೇಕ ಪದ’ ಎಂಬ ವಾದ ಈ ಮೂರು ವಚನಗಳಲ್ಲೇ ಬಿದ್ದುಹೋಗುತ್ತದೆ.

ಅಖ್ಲೂಸ್ (887) ಒಂದೇ ಸಲ, ಅಪೊಸ್ತಲರ ಕೃತ್ಯಗಳು 13:11ರಲ್ಲಿ, ಮಂತ್ರವಾದಿ ಎಲುಮನ ಕಣ್ಣಿಗೆ ಕವಿದ ಮಬ್ಬಿಗೆ ಬರುತ್ತದೆ. ಮೊದಲು ಅಖ್ಲೂಸ್, ಆಮೇಲೆ ಸ್ಕೊತೊಸ್: ದೃಷ್ಟಿ ಮಂಜಾಗಿ ನಂತರ ಪೂರ್ತಿ ಹೋಯಿತು.

ಇಂಗ್ಲಿಷ್ ಮೂಲಕ ಹೋಲಿಸಿದರೆ ಇವೆಲ್ಲ ಹೇಗೆ ಕಲಸಿಹೋಗುತ್ತವೆ ನೋಡಿ. ಕಿಂಗ್ ಜೇಮ್ಸ್ ಅನುವಾದ ಜೊಫೊಸ್ ಅನ್ನು ಯೂದ 6 ಮತ್ತು 2 ಪೇತ್ರ 2:4ರಲ್ಲಿ ‘ಡಾರ್ಕ್‌ನೆಸ್’, 2:17ರಲ್ಲಿ ‘ಮಿಸ್ಟ್’, ಯೂದ 13ರಲ್ಲಿ ‘ಬ್ಲ್ಯಾಕ್‌ನೆಸ್’ ಮಾಡಿದೆ. ಅದೇ ‘ಬ್ಲ್ಯಾಕ್‌ನೆಸ್’ ಇಬ್ರಿಯ 12:18ರಲ್ಲಿ ಗ್ನೊಫೊಸ್‌ಗೆ, ಅದೇ ‘ಮಿಸ್ಟ್’ ಅಪೊಸ್ತಲರ ಕೃತ್ಯಗಳಲ್ಲಿ ಅಖ್ಲೂಸ್‌ಗೆ. ಇಂಗ್ಲಿಷ್ ಪದ ಹಿಡಿದು ಹೊರಟವರು ದಾರಿ ತಪ್ಪುವುದು ಖಚಿತ. ಸ್ಟ್ರಾಂಗ್ ಸಂಖ್ಯೆ ಹಿಡಿದು ಎಲ್ಲ ವಚನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿಯೊಂದರ ಪಕ್ಕ ಎರಡು ವಿಷಯ ಗುರುತಿಸಿ: ಪದದ ಹಿಂದಿನ ಉಪಸರ್ಗ ಯಾವುದು (‘ಅಡಿಯಲ್ಲಿ’ಯೋ, ‘ಒಳಗೆ’ಯೋ), ಜೊತೆಗಿರುವ ಕ್ರಿಯಾಪದ ಯಾವುದು (ಕವಿಯಿತೋ, ಕಾದಿರಿಸಿದೆಯೋ). ಆಮೇಲೆ ನೆಸ್ಲೆ-ಆಲಂಡ್ ಪಾಠದೊಂದಿಗೆ ತಾಳೆ ನೋಡಿ. ಗ್ರೀಕ್ ಹಳೆಯ ಒಡಂಬಡಿಕೆಗೆ ಹೋಗುವುದಾದರೆ ಬಹುಪಾಲು ಕೀರ್ತನೆಗಳ ಸಂಖ್ಯೆ ಅಲ್ಲಿ ಒಂದು ಕಡಿಮೆ ಎಂಬುದು ನೆನಪಿರಲಿ. ನಮ್ಮ 23ನೇ ಕೀರ್ತನೆ ಅಲ್ಲಿ 22.

ಟಿಪ್ಪಣಿಗೆ ಕನ್ನಡ ಪದಗಳು: ಸ್ಕೊತೊಸ್, ಸ್ಕೊತಿಯ ಎರಡಕ್ಕೂ ‘ಕತ್ತಲೆ’ ಸಾಕು. ಗ್ನೊಫೊಸ್‌ಗೆ ‘ಕಾರ್ಮೋಡ’. ಅಖ್ಲೂಸ್‌ಗೆ ‘ಮಬ್ಬು’. ‘ಕತ್ತಲೆಯ ಜೊಫೊಸ್’ ಎಂಬ ಜೋಡಿಗೆ ‘ಕಾರ್ಗತ್ತಲೆ’ ಹೊಂದುತ್ತದೆ. ಕನ್ನಡದಲ್ಲಿ ಅದೂ ಎರಡು ಪದ ಕೂಡಿ ದಟ್ಟವಾದದ್ದೇ. ಯೂದ 6, 2 ಪೇತ್ರ 2:4ರ ಒಂಟಿ ಜೊಫೊಸ್‌ಗೆ ‘ಪಾತಾಳದ ಕತ್ತಲೆ’ ಎಂದು ಬರೆದರೆ ತಪ್ಪಿಲ್ಲ, ಏಕೆಂದರೆ ‘ಅಡಿಯಲ್ಲಿ’ ಎಂಬ ಮಾತೂ ತಾರ್ತರಸ್‌ನ ಹೆಸರೂ ಅಲ್ಲೇ ಇವೆ. ಆದರೆ ಅದನ್ನು ಇಬ್ರಿಯ 12:18ಕ್ಕೆ ಒಯ್ಯಬೇಡಿ. ಅಲ್ಲಿ ಬರೀ ‘ಕತ್ತಲು’ ಎಂದಿರಲಿ, ಬೆಟ್ಟದ ಮೇಲಿರುವವನು ದೇವರು.